ಒಂದು ಫೈಬರ್ ದೋಣಿಗೆ ನಾನು ಕೊಟ್ಟ ಅಭಿಪ್ರಾಯಗಳು

ನಾನು ಜೂನಿಯರ್ ಎಂಜಿನಿಯರ್ ಆಗಿ ಸೇರಿ, ಜೂನಿಯರ್ ಎಂಜಿನಿಯರ್ ಆಗಿಯೇ ನಿವೃತ್ತಳಾದವಳು. ಬಡ್ತಿಯ ಕಥೆ ಕೇಳಲು ಕುಳಿತವರು ಈಗಲೇ ಎದ್ದು ಹೋಗಬಹುದು. ಹೊಸದಾಗಿ ಈ ಕೆಲಸಕ್ಕೆ ಸೇರುತ್ತಿರುವ ಮಕ್ಕಳು ಮಾತ್ರ ಸ್ವಲ್ಪ ಕೂರಲಿ.

ದಾವಣಗೆರೆಯ ನಮ್ಮ ಕಚೇರಿಯಲ್ಲಿ ಯಾಂತ್ರಿಕ ವಿಭಾಗ ಎಂದರೆ ಒಂದು ತಗಡಿನ ಶೆಡ್ಡು, ಅದರ ಹಿಂದೆ ಒಂದು ಬೇವಿನ ಮರ, ಮರದ ಕೆಳಗೆ ಸತ್ತ ಯಂತ್ರಗಳು. ಕೆಟ್ಟ ಪಂಪು, ಜನರೇಟರು, ನೀರಿನ ಲಾರಿಗಳನ್ನು ನೋಡಿ, ರಿಪೇರಿ ಮಾಡಿಸಬೇಕೋ ಗುಜರಿಗೆ ಹಾಕಬೇಕೋ ಎಂದು 'ಅಭಿಪ್ರಾಯ' ಕೊಡುವುದು ನನ್ನ ಕೆಲಸ. ಅಭಿಪ್ರಾಯ ಎಂದರೆ ಯಂತ್ರದ ಬಗ್ಗೆ ಎಂದೇ ನಾನು ಮೊದಮೊದಲು ತಿಳಿದಿದ್ದೆ. ಹಾಗಲ್ಲ ಎಂದು ಕಲಿಸಿದ್ದು ಒಂದು ರೋಡ್ ರೋಲರ್. ಮಂಡಿಪೇಟೆಯ ಹತ್ತಿರದ ನಮ್ಮ ಗೋದಾಮಿನ ಪಕ್ಕ ಅದು ಎಷ್ಟು ವರ್ಷದಿಂದ ನಿಂತಿತ್ತೆಂದರೆ, ಎಂಜಿನ್ನಿನ ಒಳಗಿನಿಂದ ಅರಳಿ ಗಿಡ ಎದ್ದು ಆಳೆತ್ತರ ಬೆಳೆದಿತ್ತು. ಗುಜರಿ ಎಂದು ಬರೆದೆ. ಗಿಡ ತೆಗೆದು ನೋಡಿ ಎಂದು ಮೇಲಿನಿಂದ ಬಂತು. ತೆಗೆಸಿದೆ. ಗಿಡದ ಜೊತೆ ಎಂಜಿನ್ನಿನ ಅರ್ಧವೂ ಬಂತು. ಅದನ್ನೂ ಬರೆದೆ. ಮುಂದಿನ ಪ್ರಶ್ನೆ ಬಂತು: ಮರ ಕಡಿಯಲು ಅನುಮತಿ ಪಡೆಯಲಾಗಿದೆಯೇ?

ಆಗೆಲ್ಲ ಯಂತ್ರದ ಮೈಗೆ ಕಿವಿಯಿಟ್ಟು, ಎಣ್ಣೆಯನ್ನು ಬೆರಳಿಗೆ ಹಚ್ಚಿ ಉಜ್ಜಿ ನೋಡಿ ರೋಗ ಹೇಳುತ್ತಿದ್ದೆವು. ಕೊನೆಯ ವರ್ಷಗಳಲ್ಲಿ ಫೋನಿನ ಗುಂಪು ಬಂತು. ಫೋಟೋ ಹಾಕಿದರೆ ಸಾಹೇಬರು ಹೆಬ್ಬೆರಳು ಎತ್ತಿ ತೋರಿಸುತ್ತಿದ್ದರು. ಒಮ್ಮೆ ಎಂಜಿನ್ನೇ ಇಲ್ಲದ ಜನರೇಟರಿನ ಖಾಲಿ ಪೆಟ್ಟಿಗೆಯ ಫೋಟೋ ಹಾಕಿ, "ಸಾರ್, ಒಳಗೆ ಏನೂ ಇಲ್ಲ" ಎಂದು ಬರೆದೆ. ಅದಕ್ಕೂ ಹೆಬ್ಬೆರಳು ಬಂತು.

ಆ ಸಾಹೇಬರ ಹೆಸರು ವಿರೂಪಾಕ್ಷಪ್ಪ. ಕೆಟ್ಟವರಲ್ಲ. ಯಾರಿಗೂ ಗದರಿದವರಲ್ಲ, ಚಹಾ ಕುಡಿಸದೆ ಕಳಿಸಿದವರಲ್ಲ. ಅವರಿಗೆ ಇದ್ದದ್ದು ಒಂದೇ ಭಯ, ಯಾರಾದರೂ ಏನಾದರೂ ಕೇಳಿಬಿಟ್ಟರೆ ಎಂಬುದು. ಎಲ್ಲ ರೋಗಕ್ಕೂ ಅವರ ಮೊದಲ ಮದ್ದು ಬಣ್ಣ. ನೀರಿನ ಟ್ಯಾಂಕು ಸೋರುತ್ತದೆ ಎಂದು ಜನ ದೂರು ಕೊಟ್ಟಾಗಲೂ ಮೊದಲು ಅದಕ್ಕೆ ನೀಲಿ ಬಣ್ಣ ಬಳಿಸಿದ್ದರು.

ಒಂದು ಬೇಸಿಗೆಯ ಆರಂಭದಲ್ಲಿ, ಮಳೆಗಾಲದ ಮುನ್ನೆಚ್ಚರಿಕೆ ಸಭೆ ಮುಗಿಸಿ ಬಂದವರೇ ನನ್ನನ್ನು ಕರೆಸಿದರು.

"ಗಿರಿಜಾ ಮೇಡಂ, ಹರಿಹರದಾಗೆ ಹೊಳಿ ಬಂದ್ರೆ ದಂಡೆ ಕೇರಿಯವರನ್ನ ಕರ್ಕೊಂಡು ಬರಾಕೆ ಏನೈತೆ ಅಂತ ಮೇಲಿನವರು ಕೇಳಿದ್ರು. ನಮ್ಮದೊಂದು ಬೋಟ್ ಐತೆ ಅಂದೆ."

"ಯಾವ ಬೋಟ್ ಸಾರ್?"

"ಅದೇ ರೀ, ಬೇವಿನ ಮರದ ಕೆಳಗೆ ಐತಲ್ಲ. ಹೋಗಿ ನೋಡಿ ಅಭಿಪ್ರಾಯ ಕೊಡ್ರಿ." ಪೆನ್ನನ್ನು ಗಾಳಿಯಲ್ಲೇ ನಿಲ್ಲಿಸಿ ಸೇರಿಸಿದರು: "ಒಳ್ಳೆ ಅಭಿಪ್ರಾಯ ಕೊಡ್ರಿ."

ಆ ದೋಣಿಯನ್ನು ಊರಿನ ಕೆರೆಯಲ್ಲಿ ವಿಹಾರಕ್ಕೆಂದು ತರಿಸಿದ್ದರು. ಒಂದು ಬೇಸಿಗೆ ಮಕ್ಕಳನ್ನು ಕೂರಿಸಿಕೊಂಡು ಸುತ್ತಿತು. ಆಮೇಲೆ ಯಾವುದೋ ತಕರಾರು ಎದ್ದು ವಿಹಾರ ನಿಂತಿತು. ದೋಣಿ ನಮ್ಮ ಶೆಡ್ಡಿನ ಹಿಂದೆ ಬಾಯಿ ಮೇಲೆ ಮಾಡಿ ಮಲಗಿತು. ಪ್ರತಿ ಮಳೆಗಾಲಕ್ಕೂ ತುಂಬುತ್ತಿತ್ತು. ನಮ್ಮ ಸಿಬ್ಬಂದಿ ಊಟದ ಡಬ್ಬಿ ತೊಳೆಯಲು ಅದನ್ನೇ ತೊಟ್ಟಿ ಮಾಡಿಕೊಂಡಿದ್ದರು. ದೋಣಿ ನೀರಿನ ಮೇಲೆ ಇದ್ದದ್ದಕ್ಕಿಂತ ನೀರು ದೋಣಿಯ ಒಳಗೆ ಇದ್ದದ್ದೇ ಹೆಚ್ಚು.

ಜೀಪಿನ ಚಾಲಕ ಚಂದ್ರಪ್ಪನನ್ನು ಕರೆದುಕೊಂಡು ಹೋದೆ. ಕೆರೆಯಲ್ಲಿ ಅದನ್ನು ಓಡಿಸುತ್ತಿದ್ದವನು ಅವನೇ. ದೂರದಿಂದ ನೋಡಿದರೆ ದೋಣಿಗೆ ಏನೂ ಆಗಿರಲಿಲ್ಲ. ಇಲ್ಲೇ ಹೊಸಬರು ಮೋಸ ಹೋಗುವುದು. ಫೈಬರ್ ಕೊಳೆಯುವುದಿಲ್ಲ. ಆದರೆ ಅಂಥ ದೋಣಿ ಬರೀ ಫೈಬರ್ ಅಲ್ಲ. ಮೋಟರು ಕಚ್ಚಿ ನಿಲ್ಲುವ ಹಿಂದಿನ ಹಲಗೆ, ನೆಲದ ಕೆಳಗಿನ ಉದ್ದ ತೊಲೆಗಳು ಮರದವು. ಅವುಗಳ ಮೇಲೆ ಫೈಬರಿನ ಹೊದಿಕೆ ಇರುತ್ತದೆ. ಎಲ್ಲಾದರೂ ಒಂದು ತೂತಿನಿಂದ ನೀರು ಒಳಗೆ ಹೋದರೆ ಹೊರಗೆ ಬರುವ ದಾರಿಯಿಲ್ಲ. ಹೊದಿಕೆ ಹೊಳೆಯುತ್ತಲೇ ಇರುತ್ತದೆ, ಮರ ಒಳಗೇ ಕೊಳೆಯುತ್ತದೆ.

ಸುತ್ತಿಗೆಯ ಹಿಡಿಯಿಂದ ಬಡಿಯುತ್ತ ಬಂದೆ. ಬದಿಗಳು ಟಕ್ ಟಕ್ ಎಂದವು. ಹಿಂದಿನ ಹಲಗೆಗೆ ಬಂದಾಗ ದಿಂಬಿಗೆ ಬಡಿದಂತೆ ದಬ್ ದಬ್ ಎಂದಿತು. ಮೋಟರಿನ ಬೋಲ್ಟೊಂದನ್ನು ಚಂದ್ರಪ್ಪ ಬೆರಳಿನಲ್ಲೇ ಎಳೆದ. ಪಾಯಸದಿಂದ ಗೋಡಂಬಿ ತೆಗೆದಷ್ಟು ಸಲೀಸಾಗಿ ಬಂತು. ಒಳಬದಿಯಿಂದ ಸಣ್ಣ ತೂತು ಕೊರೆದೆ. ಮರದ ಪುಡಿ ಬರಬೇಕಾದಲ್ಲಿ ಕರಿ ರಾಡಿ ಬಂತು.

"ಮೇಡಂ, ಇದು ಹಲಗಿ ಅಲ್ರಿ, ಗೊಬ್ಬರ" ಎಂದ ಚಂದ್ರಪ್ಪ.

ಗುಜರಿ ಎಂದು ಹೇಳಿದೆ. ಸಾಹೇಬರ ಮುಖ ಬಾಡಿತು. ಕುಳಿತುಕೊಳ್ಳಲು ಹೇಳಿ, ಚಹಾ ತರಿಸಿ, ನನಗೆ ಸಮಾಧಾನ ಹೇಳುವವರಂತೆ ಶುರುಮಾಡಿದರು.

"ನೋಡ್ರಿ ಮೇಡಂ, ಗುಜರಿ ಅಂದ್ರೆ ಯಾಕ ಕೆಟ್ತು ಅಂತ ಕೇಳ್ತಾರೆ. ದೊಡ್ಡ ರಿಪೇರಿ ಅಂದ್ರೆ ಇಷ್ಟು ದಿನ ಯಾಕ ಮಾಡ್ಸಿಲ್ಲ ಅಂತ ಕೇಳ್ತಾರೆ. ಬಣ್ಣ ಹೊಡ್ಸಿದ್ರೆ ಯಾರೂ ಏನೂ ಕೇಳಲ್ಲ."

"ಮುಳುಗಿದ್ರೆ ಕೇಳ್ತಾರಲ್ಲ ಸಾರ್."

"ಅದು ಹೊಳಿ ಬಂದಾಗ ತಾನೆ? ಹೊಳಿ ಬರಬೇಕಲ್ಲ."

ಹೀಗೆ ಹರಿಹರದ ಪಕ್ಕದ ಗುತ್ತೂರಿನ ಹಾಲೇಶ ಬಂದ. ಅಲ್ಲಿನ ತನ್ನ ಶೆಡ್ಡಿನಲ್ಲಿ ಫೈಬರಿನ ನೀರಿನ ತೊಟ್ಟಿ, ಕಲ್ಯಾಣ ಮಂಟಪಗಳ ಬಾಗಿಲಿಗೆ ನಿಲ್ಲಿಸುವ ಆನೆ, ನವಿಲು ಮಾಡುವವನು. ಬಾಯಿ ಬಹಳ ಜೋರು. ದೋಣಿಯನ್ನು ಒಂದು ಸುತ್ತು ಹಾಕಿ, "ಏನಾಗೈತೆ ಇದಕ್ಕೆ? ನಾ ಮಾಡಿದ ಆನೆ ಮೇಲೆ ಮದುಮಕ್ಕಳು ಹತ್ತಿ ಕುಣಿದ್ರೂ ಬಿರುಕು ಬಿಟ್ಟಿಲ್ಲ" ಎಂದ. ಆನೆಯ ಬೆನ್ನಿಗೆ ಮೋಟರು ಕಟ್ಟುವುದಿಲ್ಲವಪ್ಪಾ ಎಂದೆ. ಅವನು ಆಗಲೇ ಬಣ್ಣದ ಚೀಟಿ ಹಿಡಿದು ಸಾಹೇಬರ ಕೋಣೆಗೆ ಹೋಗಿದ್ದ. ಕೊಳೆತ ಹಲಗೆಯ ಮೇಲೆ ಹೊಸ ಫೈಬರಿನ ಒಂದು ಪದರ, ಅದರ ಮೇಲೆ ಕಿತ್ತಳೆ ಬಣ್ಣ. ದೋಣಿ ಮದುವೆಗೆ ಹೊರಟಂತೆ ಕಂಡಿತು.

ಹರಿಹರದಲ್ಲಿ ಪರೀಕ್ಷೆಯ ದಿನ ಹೊಳೆಯ ದಂಡೆಗೆ ಶಾಮಿಯಾನ ಹಾಕಿಸಿದ್ದರು. ಬೇಸಿಗೆಯ ನೀರು, ದಂಡೆಯ ಹತ್ತಿರ ಮೊಣಕಾಲಿನಷ್ಟು. ಕಚೇರಿಯ ಅರ್ಧ ಜನ ಬಂದಿದ್ದರು. ದಂಡೆ ಕೇರಿಯ ಹೆಂಗಸರೂ ಬಂದಿದ್ದರು, ದೋಣಿ ತಮ್ಮ ಕೇರಿಗೇ ಎಂದು ಯಾರೋ ಹೇಳಿದ್ದರಿಂದ. ಸಾಹೇಬರು ದೋಣಿ ಯೋಗ್ಯವಾಗಿದೆ ಎಂಬ ಪ್ರಮಾಣಪತ್ರವನ್ನು ನನ್ನ ಮುಂದೆ ಹಿಡಿದು ಸಹಿ ಕೇಳಿದರು.

"ಹಾಕ್ತೀನಿ ಸಾರ್. ಮೊದಲನೇ ಸುತ್ತು ತಾವು ಕೂತು ಬರ್ರಿ. ಬಂದ ಮೇಲೆ ಅಲ್ಲೇ ಹಾಕ್ತೀನಿ."

ಸಾಹೇಬರು ಹೊಳೆ ನೋಡಿದರು, ದೋಣಿ ನೋಡಿದರು. ತಮಗೆ ನೀರಿನಲ್ಲಿ ತಲೆ ತಿರುಗುತ್ತದೆ ಎಂದು ಆಗ ನೆನಪಾಯಿತು. ಸಹಾಯಕ ಎಂಜಿನಿಯರರಿಗೆ ಫೋನ್ ಬಂತು. ಲೆಕ್ಕಪತ್ರದವರಿಗೆ ಅವತ್ತು ಉಪವಾಸವಿತ್ತು, ಉಪವಾಸಕ್ಕೂ ದೋಣಿಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ಜೀವರಕ್ಷಕ ಜಾಕೆಟ್ ತೊಟ್ಟು ಫೋಟೋ ತೆಗೆಸಿಕೊಂಡಿದ್ದವರು ಅವನ್ನು ಒಂದೊಂದಾಗಿ ಬಿಚ್ಚಿ ಕುರ್ಚಿಯ ಮೇಲಿಟ್ಟರು.

ಹಾಲೇಶನಿಗೆ ಅವಮಾನವಾಯಿತು. "ನನ್ನ ಕೆಲಸದ ಮ್ಯಾಲೆ ನನಗೆ ನಂಬಿಕೆ ಐತೆ" ಎಂದು ಹತ್ತಿ, ಮುಂದೆ ಎದೆ ಉಬ್ಬಿಸಿ ಕೂತ. ಚಂದ್ರಪ್ಪ ನನ್ನ ಮುಖ ನೋಡಿದ. ದಂಡೆ ಬಿಟ್ಟು ಹೋಗಬೇಡ ಎಂದು ಕೈಸನ್ನೆ ಮಾಡಿದೆ. ಅವನು ಮೋಟರಿನ ಹಗ್ಗ ಎಳೆದು ವೇಗ ಕೊಟ್ಟ. ದೋಣಿ ಒಂದು ಸಲ ಮುಂದಕ್ಕೆ ಹಾರಿತು. ಮೋಟರು ಹಾರಲಿಲ್ಲ. ಹಿಂದಿನ ಹಲಗೆ ನೆನೆದ ರಸ್ಕಿನಂತೆ ಬಾಗಿ, ಹೊಸ ಪದರ ಕಾವಲಿಯಿಂದ ದೋಸೆ ಎದ್ದ ಹಾಗೆ ಎದ್ದು, ಮೋಟರು ಗುರ್ ಎನ್ನುತ್ತ ನೀರಿಗೆ ಬಿತ್ತು. ಹಿಂದಿನಿಂದ ನೀರು ನುಗ್ಗಿತು. ಚಂದ್ರಪ್ಪ ಕೆಳಗೆ ಹಾರಿ ಮೋಟರು ಹಿಡಿದ. ಹಾಲೇಶ ಬಗ್ಗಡದಲ್ಲಿ ಬಿದ್ದು, "ಕಾಪಾಡ್ರಪ್ಪೋ, ಸತ್ನೋ!" ಎಂದು ಕೈಕಾಲು ಬಡಿಯತೊಡಗಿದ.

ಹೊಳೆಯ ಮೆಟ್ಟಿಲ ಮೇಲಿದ್ದ ಹೆಂಗಸೊಬ್ಬಳು ಕೂಗಿದಳು: "ಎದ್ದು ನಿಂತ್ಕಳಪ್ಪಾ, ಮೊಣಕಾಲುದ್ದ ನೀರೈತೆ!"

ಅವನು ಎದ್ದು ನಿಂತ. ದಂಡೆಯೆಲ್ಲ ನಕ್ಕಿತು. ಸಾಹೇಬರು ಆಗಲೇ ಜೀಪಿನಲ್ಲಿದ್ದರು.

ಕೂಗಿದವಳ ಹೆಸರು ರೇಣುಕಮ್ಮ. ದಂಡೆ ಕೇರಿಯಲ್ಲಿ ಹೊಲಿಗೆ ಮಾಡಿಕೊಂಡಿದ್ದವಳು. ಎಲ್ಲರೂ ಹೋದ ಮೇಲೆ ನನ್ನ ಹತ್ತಿರ ಬಂದಳು. ಈಗ ಅವಳ ಮುಖದಲ್ಲಿ ನಗುವಿರಲಿಲ್ಲ.

"ಮೇಡಂ, ಇದು ಹೋತು. ಇನ್ನೊಂದು ಯಾವಾಗ?"

"ಹೊಸದಕ್ಕೆ ಬರೀತೀವಮ್ಮ."

"ಬರೆಯೋದು ಬ್ಯಾಡ್ರಿ, ಬರೋದು ಹೇಳ್ರಿ. ಹೋದ ಸಲ ಹೊಳಿ ಬಂದಾಗ ನಮ್ಮತ್ತೀನ ಕಿತ್ತ ಬಾಗಿಲ ಮ್ಯಾಲೆ ಮಲಗಿಸಿ ನಾಕು ಜನ ಎದಿಮಟ್ಟ ನೀರಾಗೆ ಹೊತ್ತು ತಂದೀವಿ. ಈ ಸಲ ಹೆಂಗೆ?"

ಹಿಂದೆ ಸೊಳ್ಳೆಗೆ ಹೊಗೆ ಹಾಕುವ ಯಂತ್ರ ಬೇಕೆಂದು ಬರೆದಿದ್ದೆವು. ಅದನ್ನು ಕೇಳಿದ ಮಳೆಗಾಲಕ್ಕೂ ಅದು ಬಂದ ಮಳೆಗಾಲಕ್ಕೂ ನಡುವೆ ಸಾಹೇಬರು ಎಷ್ಟೋ ಮಂದಿ ಬದಲಾಗಿದ್ದರು. ಹೊಸ ದೋಣಿಯ ಕಡತ ಅದಕ್ಕಿಂತ ಬೇಗ ಈಜುತ್ತದೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ಮರುದಿನ ದೋಣಿಯನ್ನು ಗುತ್ತೂರಿಗೆ ಸಾಗಿಸಿ ಮತ್ತೆ ನೋಡಿದೆ. ಮೊದಲ ಸಲ ಏನು ಕೆಟ್ಟಿದೆ ಎಂದು ನೋಡಿದ್ದೆ, ಈ ಸಲ ಏನು ಉಳಿದಿದೆ ಎಂದು ನೋಡಿದೆ. ಒಳಗೂ ಹೊರಗೂ ಬಣ್ಣ ಕೆರೆದು, ಬಿಸಿಲಿಗೆ ಹಿಡಿದ ಮೊಟ್ಟೆಯಂತೆ ಹೊರಗಿನಿಂದ ದೀಪ ಹಿಡಿಸಿ ಚಿಪ್ಪನ್ನು ಅಂಗುಲ ಅಂಗುಲವಾಗಿ ಪರೀಕ್ಷಿಸಿದೆ. ಬೆಳಕು ಎಲ್ಲ ಕಡೆ ಒಂದೇ ಸಮನಾಗಿ ಬಂತು. ಬಿರುಕಿಲ್ಲ, ಪದರ ಬಿಟ್ಟಿಲ್ಲ. ತಯಾರಿಸಿದವನು ಪುಣ್ಯಾತ್ಮ, ದಪ್ಪವಾಗಿ ಮಾಡಿದ್ದ. ಚಿಪ್ಪು ಗಟ್ಟಿ, ಒಳಗಿನ ಮರವೆಲ್ಲ ಹೋಗಿದೆ. ಪುಸ್ತಕ ಓದಿದ ಯಾರನ್ನು ಕೇಳಿದರೂ, ಮರವನ್ನೆಲ್ಲ ಕಿತ್ತು ಹೊಸದು ಕೂರಿಸುವ ಶ್ರಮಕ್ಕೆ ಹೊಸ ದೋಣಿಯೇ ವಾಸಿ ಎನ್ನುತ್ತಾರೆ. ನಾನೂ ಅದನ್ನೇ ಅನ್ನುತ್ತಿದ್ದೆ, ಹೊಸ ದೋಣಿ ಅಂಗಡಿಯಲ್ಲಿ ಸಿಗುವ ಹಾಗಿದ್ದರೆ. ನಮ್ಮಲ್ಲಿ ಅದು ಕಡತದಲ್ಲಿ ಸಿಗುತ್ತಿತ್ತು.

ಹಾಲೇಶ ತೊಟ್ಟಿಯೊಂದರ ಮೇಲೆ ಕೂತು ನೋಡುತ್ತಿದ್ದ. "ಮೇಡಂ, ಬಣ್ಣ ನಿಲ್ಲಲ್ಲ ಅಂತ ನನಗೂ ಗೊತ್ತಿತ್ತು. ಅವರು ಕೇಳಿದ್ದು ಬಣ್ಣ, ನಾ ಕೊಟ್ಟಿದ್ದು ಬಣ್ಣ."

"ನಾನು ಗಟ್ಟಿ ಹಲಗೆ ಕೇಳ್ತೀನಿ. ಕೊಡ್ತೀಯಾ?"

"ಈಗಲೂ ಕೊಡ್ಲಿಲ್ಲ ಅಂದ್ರೆ ಹರಿಹರದ ಬಜಾರಾಗೆ ತಲಿ ಎತ್ತಿ ಓಡಾಡಂಗಿಲ್ರಿ. ಹುಡುಗರೆಲ್ಲ 'ಸತ್ನೋ' ಅಂತ ಕೂಗ್ತಾರೆ."

ಸಾಹೇಬರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. "ಗುಜರಿ ಅಂದಾಕೆ ನೀವೇ. ಈಗ ರಿಪೇರಿ ಅಂತೀರಿ?" ಎಂದರು. "ಮರಕ್ಕೆ ಗುಜರಿ ಸಾರ್, ಫೈಬರಿಗೆ ರಿಪೇರಿ. ಬಣ್ಣದ ಕೆಲಸ ಮುಂದುವರಿದಿದೆ ಅಂತ ಹೇಳಬಹುದು" ಎಂದೆ. ಮುಂದುವರಿದಿದೆ ಎಂಬ ಮಾತು ಅವರಿಗೆ ಹಿಡಿಸಿತು. ಮುಂದುವರಿಯುತ್ತಿರುವ ಕೆಲಸದ ಬಗ್ಗೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ಆ ಬೇಸಿಗೆ ರಜೆಯ ದಿನಗಳನ್ನೂ ಹಾಲೇಶನ ಆನೆಗಳ ನಡುವೆ ಕಳೆದೆ. ಇಂಥ ಕೆಲಸ ನಿಮ್ಮ ಪಾಲಿಗೆ ಬಂದರೆ ಒಂದು ಮಾತು ನೆನಪಿಡಿ. ತೊಲೆಗಳನ್ನು ಕೀಳುವ ಮೊದಲು ಚಿಪ್ಪಿಗೆ ಸುತ್ತ ಆಸರೆ ಕೊಡಬೇಕು. ಇಲ್ಲದಿದ್ದರೆ ಬೆನ್ನೆಲುಬು ತೆಗೆದ ಮೀನಿನಂತೆ ಅದು ಆಕಾರ ಕಳೆದುಕೊಳ್ಳುತ್ತದೆ. ಬಿದಿರಿನ ತೊಟ್ಟಿಲು ಕಟ್ಟಿ, ಗೋಣಿ ತುರುಕಿ ಕೂರಿಸಿದೆವು. ನೆಲ ಕತ್ತರಿಸಿ ತೆಗೆದಾಗ ತೊಲೆಗಳು ನೆನೆದ ಹೊಗೆಸೊಪ್ಪಿನಂತಿದ್ದವು, ಕರಣೆಯಲ್ಲಿ ಬಳಿದು ತೆಗೆದೆವು. ದೋಣಿ ತೇಲಲೆಂದು ಅಡಿಯಲ್ಲಿ ತುಂಬಿದ್ದ ಸ್ಪಂಜನ್ನು ಹಿಂಡಿದರೆ ಕೆರೆಯ ನೀರು ಬಂತು. ಅದರ ನಡುವೆ ಒಂದು ಪುಟ್ಟ ಮಗುವಿನ ಚಪ್ಪಲಿ ಸಿಕ್ಕಿತು. ಹಾಲೇಶ ಅದನ್ನು ತೊಳೆದು ಕಿಟಕಿಯ ಮೇಲಿಟ್ಟ. ಯಾಕೆ ಎಂದು ಕೇಳಿದರೆ, "ಎಸೆಯಾಕೆ ಮನಸು ಬರಲಿಲ್ರಿ" ಎಂದ.

ದಾವಣಗೆರೆಯ ಬಿಸಿಲನ್ನು ಆಜನ್ಮ ಬೈದವಳು ನಾನು. ಆ ವರ್ಷ ಮಾತ್ರ ಅದಕ್ಕೆ ಕೈಮುಗಿದೆ. ಚಿಪ್ಪು ಒಣಗಿ ಗರಿಗರಿಯಾಯಿತು. ಅದೇ ಬಿಸಿಲಿಗೆ ಫೈಬರಿನ ಪದರಗಳನ್ನು ಅಂಟಿಸುವ ರಾಳ ಎಷ್ಟು ಬೇಗ ಗಟ್ಟಿಯಾಗುತ್ತಿತ್ತೆಂದರೆ, ಹಾಲೇಶ ಫೋನಿನಲ್ಲಿ ಮಾತಾಡಿ ಬರುವಷ್ಟರಲ್ಲಿ ಮಗ್ಗು, ಕುಂಚ, ರಾಳ ಮೂರೂ ಒಂದೇ ಕಲ್ಲಾಗಿರುತ್ತಿದ್ದವು. ಆಮೇಲೆ ಬೆಳಗಿನ ತಂಪಿನಲ್ಲಿ ಮಾತ್ರ ಕೆಲಸ ಮಾಡಿದೆವು. ಹೊಸ ಹಲಗೆಯ ಅಂಚಿಗೆಲ್ಲ ರಾಳ ಕುಡಿಸಿ, ಪದರದ ಮೇಲೆ ಪದರ ಹಾಕಿ, ಬೋಲ್ಟಿನ ತೂತುಗಳ ಒಳಗೋಡೆಗೂ ಬಳಿದೆವು. ಫೈಬರಿನ ಧೂಳಿಗೆ ಮೈಯೆಲ್ಲ ತುರಿಕೆ. ನಮ್ಮ ಮನೆಯವರು ನನ್ನ ಸೀರೆಗಳನ್ನು ಕೋಲಿನಲ್ಲಿ ಎತ್ತಿ ಬಕೆಟ್ಟಿಗೆ ಹಾಕುತ್ತಿದ್ದರು.

ಹಳೆಯ ಹಲಗೆ ಕಿತ್ತಾಗಲೇ ಮರ ಕೊಳೆತದ್ದು ಯಾಕೆ ಎಂಬುದೂ ಗೊತ್ತಾಗಿತ್ತು. ಹಿಂದಿನ ಹಲಗೆಯ ಮೇಲೆ ದೋಣಿಯ ಉದ್ಘಾಟನೆಯ ಹಿತ್ತಾಳೆ ಫಲಕವಿತ್ತು, ಗಣ್ಯರ ಹೆಸರುಗಳ ಸಮೇತ. ಅದನ್ನು ಕೂರಿಸಲು ಸಮಾರಂಭದ ದಿನ ಅವಸರದಲ್ಲಿ ಹೊಡೆದ ಸ್ಕ್ರೂಗಳ ತೂತಿನಿಂದಲೇ ನೀರು ಒಳಗಿಳಿದಿತ್ತು. ಕೊಳೆತದ ಕಪ್ಪು ಕಲೆ ಸರಿಯಾಗಿ ಫಲಕದ ನಾಲ್ಕು ಮೂಲೆಗಳಿಂದ ಹರಡಿತ್ತು.

ಸಾಹೇಬರಿಗೆ ತೋರಿಸಿದೆ. "ಇದನ್ನ ವರದಿಯಾಗೆ ಬರೀಬ್ಯಾಡ್ರಿ" ಎಂದರು. ಸ್ವಲ್ಪ ಯೋಚಿಸಿ, "ಹೊಸ ಫಲಕಕ್ಕೆ ಜಾಗ ಬಿಟ್ಟೀರಾ?" ಎಂದರು.

ಮಳೆಗಾಲದ ನಡುವೆ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರು. ಬೆಳಗ್ಗೆ ನಾನು ಹರಿಹರ ತಲುಪುವಷ್ಟರಲ್ಲಿ ಹೊಳೆ ದಂಡೆ ಕೇರಿಯ ಕಿಟಕಿಗಳಿಗೆ ಬಂದಿತ್ತು. ಮಾಳಿಗೆಗಳ ಮೇಲೆ ಜನ ನಿಂತಿದ್ದರು. ಚಂದ್ರಪ್ಪ ದೋಣಿಯನ್ನು ಲಾರಿಯಿಂದ ಇಳಿಸಿ ಮೋಟರು ಬಿಗಿದ. ನಾನು ಹಗ್ಗ ತರಲು ಲಾರಿಯ ಹತ್ತಿರ ಹೋಗಿ ತಿರುಗುವಷ್ಟರಲ್ಲಿ ದೋಣಿ ತುಂಬಿತ್ತು. ಸಾಹೇಬರು, ಸಹಾಯಕ ಎಂಜಿನಿಯರು, ಲೆಕ್ಕಪತ್ರದವರು, ಮೇಲಿನಿಂದ ಬಂದ ಇಬ್ಬರು ಅತಿಥಿಗಳು, ಒಬ್ಬ ಫೋಟೋದವನು. ಎಲ್ಲರ ಮೈಮೇಲೂ ಜಾಕೆಟ್ಟು.

"ಸಾರ್, ಮೊದಲು ಜನರನ್ನ ಕರ್ಕೊಂಡು ಬರೋಣ."

"ಪರಿಶೀಲನೆ ಮುಖ್ಯ ಮೇಡಂ. ಒಂದು ಸುತ್ತು ನೋಡ್ಕೊಂಡು ಬಂದುಬಿಡ್ತೀವಿ."

ಎದುರು ಮಾಳಿಗೆಯಿಂದ ರೇಣುಕಮ್ಮ ಸೆರಗು ಬೀಸುತ್ತಿದ್ದಳು. ಅವಳ ಪಕ್ಕದಲ್ಲಿ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಪ್ಲಾಸ್ಟಿಕ್ ಹೊದಿಸಿದ್ದರು. ನನಗೆ ಸಿಟ್ಟು ಬಂತು. ಆದರೆ ಸಿಟ್ಟಿನಿಂದ ಸಾಹೇಬರು ಇಳಿಯುವುದಿಲ್ಲ ಎಂಬುದು ಇಷ್ಟು ವರ್ಷದ ಸರ್ವೀಸಿನಲ್ಲಿ ತಿಳಿದಿತ್ತು. ದೋಣಿಯ ಹಿಂದೆ ಬಗ್ಗಿ, ಹಲಗೆಗೆ ಕಿವಿಯಿಟ್ಟು, ಬೆರಳಿನಿಂದ ಎರಡು ಸಲ ಬಡಿದು, ಮುಖ ಗಂಭೀರ ಮಾಡಿಕೊಂಡು ಎದ್ದೆ.

"ಸರಿ ಸಾರ್, ಹೋಗಿ ಬರ್ರಿ. ಹೊಸ ಹಲಗಿ ಅಷ್ಟು ಒಣಗಿದಂಗೆ ಕಾಣಲ್ಲ, ಆದ್ರೂ ತಡೀಬೌದು."

"ತಡೀಬೌದು ಅಂದ್ರೆ?" ಎಂದರು ಲೆಕ್ಕಪತ್ರದವರು.

"ತಡೀಬೌದು ಅಂತ ನನ್ನ ಅಭಿಪ್ರಾಯ."

ಯಾರು ಮೊದಲು ಇಳಿದರೆಂದು ಹೇಳುವುದು ಕಷ್ಟ. ದೋಣಿ ಎರಡೂ ಕಡೆ ವಾಲಾಡಿತು. ಫೋಟೋದವನು ಕ್ಯಾಮೆರಾ ತಲೆಯ ಮೇಲಿಟ್ಟುಕೊಂಡು ಹಾರಿದ. ಕೊನೆಗೆ ಸಾಹೇಬರು ಇಳಿದು, ತಮ್ಮ ಜಾಕೆಟ್ಟನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, "ಹುಷಾರು ಮೇಡಂ, ನೀವು ಹೋಗಬ್ಯಾಡ್ರಿ" ಎಂದರು. ಅದನ್ನು ಅವರು ಮನಸ್ಸಿನಿಂದ ಹೇಳಿದ್ದರು, ಅದಕ್ಕೇ ನನಗೆ ಸ್ವಲ್ಪ ನಾಚಿಕೆಯಾಯಿತು. ಜಾಕೆಟ್ ತೊಟ್ಟು ದೋಣಿ ಹತ್ತಿದೆ.

ಮಧ್ಯಾಹ್ನದವರೆಗೂ ಹೋಗಿ ಬಂದು ಮಾಡಿದೆವು. ಮುದುಕರು, ಬಾಣಂತಿ, ಮಕ್ಕಳು, ಆಡುಗಳು. ಹಾಲೇಶ ಕರೆಯದಿದ್ದರೂ ಬಂದು ದಂಡೆಯಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತು, ಪ್ರತಿ ಸಲ ದೋಣಿ ಬಂದಾಗಲೂ ಮೊದಲು ಹಲಗೆ ಮುಟ್ಟಿ ನೋಡಿ, ಆಮೇಲೆ ಜನರನ್ನು ಇಳಿಸಿಕೊಳ್ಳುತ್ತಿದ್ದ. ರೇಣುಕಮ್ಮ ಅತ್ತೆಯನ್ನು ಮೊದಲ ಸುತ್ತಿನಲ್ಲೇ ಕಳಿಸಿ, ತಾನು ಕೊನೆಯ ಸುತ್ತಿಗೆ ಹೊಲಿಗೆ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಬಂದಳು. ನಡುನೀರಿನಲ್ಲಿ ನನ್ನ ಕಡೆ ತಿರುಗಿದಳು.

"ಹಲಗಿ ಹಸಿ ಐತೆ ಅಂದ್ರಂತಲ್ರಿ ಅವರಿಗೆ?"

"ಇಲ್ಲಮ್ಮ, ಗಟ್ಟಿ ಐತೆ."

"ಮತ್ತೆ ಯಾಕ ಹಂಗಂದ್ರಿ?"

"ಅವರು ಇಳೀಲಿ ಅಂತ."

ಅವಳು ಯಂತ್ರವನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದಳು: "ನೀರಿಳಿದ ಮ್ಯಾಲೆ ಬೋಟ್ ಎಲ್ಲಿಗೆ ಹೋಗ್ತದೆ?"

"ದಾವಣಗೆರೆಗೆ. ನಮ್ಮ ಶೆಡ್ಡಿಗೆ."

"ಅಲ್ಲಿ ಮತ್ತೆ ಮಳಿಗೆ ಬಿಡ್ತೀರಿ. ಮೇಡಂ, ಇನ್ನೊಂದ್ಸಲ ಹಂಗಾ ಹೇಳಿಬಿಡ್ರಿ. ಕೆಟ್ಟೈತೆ, ಒಯ್ಯಾಕೆ ಬರಲ್ಲ ಅನ್ರಿ. ಇಲ್ಲೇ ಇರ್ಲಿ. ಸೂರಿನ ಕೆಳಗೆ ಬೋರಲು ಹಾಕಿ ನಾವು ನೋಡ್ಕೊಂತೀವಿ."

ನೀರಿಳಿದ ವಾರ ಸಾಹೇಬರು ಅಭಿಪ್ರಾಯ ಕೇಳಿದರು. ದೋಣಿ ಸಾಗಿಸುವ ಸ್ಥಿತಿಯಲ್ಲಿಲ್ಲ, ಸದ್ಯಕ್ಕೆ ಹರಿಹರದಲ್ಲೇ ಇಡುವುದು ಸೂಕ್ತ ಎಂದು ಕೊಟ್ಟೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಅಷ್ಟೊಂದು ಸುತ್ತು ಹೋಗಿ ಬಂದ ದೋಣಿ ಎಂದು ಅವರಿಗೂ ಗೊತ್ತಿತ್ತು. ಪೆನ್ನು ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಏನೂ ಕೇಳದೆ ಒಪ್ಪಿದೆ ಎಂದು ಬರೆದು, ಚಹಾ ತರಿಸಿದರು.

ಕಚೇರಿಯ ಲೆಕ್ಕದಲ್ಲಿ ಆ ದೋಣಿ ಇಂದಿಗೂ ಕೆಟ್ಟಿದೆ. ಹರಿಹರದಲ್ಲಿ, ದಂಡೆ ಕೇರಿಯ ಸಮುದಾಯ ಭವನದ ಸೂರಿನ ಕೆಳಗೆ ಬೋರಲು ಮಲಗಿ ಒಣಗಿದೆ. ಬೇಸಿಗೆಯಲ್ಲಿ ಹಾಲೇಶ ಹೋಗಿ ಬಡಿದು ನೋಡಿ, ಅಲ್ಲಿಂದಲೇ ನನಗೆ ಫೋನ್ ಹಚ್ಚಿ ಹಲಗೆಯ ಹತ್ತಿರ ಹಿಡಿಯುತ್ತಾನೆ. ಟಕ್ ಟಕ್ ಎನ್ನುತ್ತದೆ.